ಆಶ್ರಯಧರ್ಮವೂ ಉಷ್ಣಮಾನವೂ

ದಿಕ್ಕಿಲ್ಲದವರಿಗೆ ಇರಲು ತಾವು ಕೊಡುವುದು ದೊಡ್ಡ ಧರ್ಮವೆಂದು ಕನ್ನಡನಾಡಿನ ಜನರು ಬಹುಕಾಲದಿಂದ ನಂಬಿಕೊಂಡು ಬಂದಿರುವರು. ಛತ್ರ, ಧರ್ಮಶಾಲೆ, ಮಠ, ಅರವಟ್ಟಿಗೆ ಎಂಬ ಮಾತುಗಳೇ ಈ ನಂಬಿಕೆಗೆ ಸಾಕ್ಷಿ. ಇಂದು ಆ ಧರ್ಮವನ್ನು ಹೆಚ್ಚಾಗಿ ಸರಕಾರವೂ ಸಂಘಸಂಸ್ಥೆಗಳೂ ವಹಿಸಿಕೊಂಡಿವೆ. ಹೆಸರುಗಳು ಮಾತ್ರ ವೃದ್ಧಾಶ್ರಮ, ಬಾಲಮಂದಿರ, ರಾತ್ರಿ ತಂಗುದಾಣ, ನಿರಾಶ್ರಿತರ ಪರಿಹಾರ ಕೇಂದ್ರ, ವಸತಿನಿಲಯ ಎಂದು ಬದಲಾಗಿವೆ. ಇವುಗಳ ವಿಷಯವಾಗಿ ಮಾತು ಬಂದಾಗ ಜನರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು: ಎಷ್ಟು ಮಂದಿಗೆ ಜಾಗವುಂಟು? ಊಟಕ್ಕೆ ಏನು ಕೊಡುತ್ತಾರೆ? ಮೂರನೆಯದೊಂದು ಪ್ರಶ್ನೆಯುಂಟು, ಅದನ್ನು ಕೇಳುವವರು ವಿರಳ. ವೈಶಾಖದ ನಡುಹಗಲಿನಲ್ಲಿ ಆ ಕೋಣೆಯ ಒಳಗಣ ಬಿಸಿ ಎಷ್ಟು? ಆ ಬಿಸಿಗೆ ಇಂತಿಷ್ಟೇ ಎಂಬ ಎಲ್ಲೆಯಿರಬೇಕೆ, ಬೇಡವೆ? ಇರಬೇಕಾದರೆ ಅದನ್ನು ಕಾಯುವ ಹೊಣೆ ಯಾರದು? ಮೇಲುನೋಟಕ್ಕೆ ಇದು ಎಂಜಿನಿಯರರ ಪ್ರಶ್ನೆಯಾಗಿ ತೋರಿದರೂ ಇದರ ಬೇರು ನೀತಿಶಾಸ್ತ್ರದಲ್ಲಿದೆ. ಸೂರು ಕೊಟ್ಟವನು ಸೂರಿನ ಕೆಳಗಣ ಗಾಳಿಗೂ ಉತ್ತರ ಹೇಳತಕ್ಕವನೇ ಎಂಬುದು ಅದರ ತಿರುಳು.

ಈ ಪ್ರಶ್ನೆಯನ್ನು ವಿಚಾರಮಾಡುವುದಕ್ಕೆ ಕಲಬುರಗಿ ಜಿಲ್ಲೆಯ ಮೂಡಣ ಭಾಗಕ್ಕಿಂತ ತಕ್ಕ ನೆಲವಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ—ಈ ಊರುಗಳ ಸುತ್ತಣ ಸೀಮೆಯ ಬಹುಭಾಗ ಸುಣ್ಣಗಲ್ಲಿನ ನಾಡು. ಶಹಾಬಾದದ ಹಾಸುಗಲ್ಲು ಫರಸಿಯೆಂಬ ಹೆಸರಿನಿಂದ ದೂರದೂರದ ಊರುಗಳ ಮನೆಯಂಗಳಗಳನ್ನು ಮುಟ್ಟಿದೆ. ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟಿನ ಕಾರ್ಖಾನೆಗಳು ಎದ್ದು ನಿಂತಿವೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಇಲ್ಲಿಯ ಹಗಲಿನ ಉಷ್ಣಮಾನವು ೪೦ ಡಿಗ್ರಿಯನ್ನು ದಾಟುವುದು ಅಪರೂಪವಲ್ಲ. ಬಯಲುಸೀಮೆಯಲ್ಲಿ ೪೦ ಡಿಗ್ರಿ ಮುಟ್ಟಿದ ಮೇಲೆಯೇ ಉಷ್ಣದಲೆಯ ಲೆಕ್ಕ ಪ್ರಾರಂಭವಾಗುವುದೆಂದು ಭಾರತದ ಹವಾಮಾನ ಇಲಾಖೆಯ ಕ್ರಮ. ಹಾಗಾದರೆ ಇಲ್ಲಿಯ ಬೇಸಗೆಯ ಸಾಧಾರಣ ದಿನವೇ ಆ ಲೆಕ್ಕದ ಹೊಸ್ತಿಲಲ್ಲಿ ನಿಂತಿದೆ ಎಂದಾಯಿತು.

ಇಲ್ಲಿಯ ಧಗೆ ಮನುಷ್ಯನ ಶಕ್ತಿಗೆ ಮೀರಿದುದೆಂಬುದನ್ನು ಸರಕಾರವೇ ಒಪ್ಪಿಕೊಂಡಿದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ಅವುಗಳೊಡನೆ ವಿಜಯಪುರ ಬಾಗಲಕೋಟೆಗಳಲ್ಲಿಯೂ ಬೇಸಗೆಯಲ್ಲಿ ಸರಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ ೮ರಿಂದ ಮಧ್ಯಾಹ್ನ ೧-೩೦ರ ವರೆಗೆ ಎಂದು ಬದಲಾಯಿಸುವ ರೂಢಿಯುಂಟು. ೨೦೨೫ರ ಏಪ್ರಿಲ್ ಮೇ ತಿಂಗಳುಗಳಲ್ಲಿಯೂ ಹಾಗೆಯೇ ಆಜ್ಞೆಯಾಯಿತು. ಇದು ವಿವೇಕದ ಕೆಲಸ. ಗುಮಾಸ್ತನು ಝಳ ಏರುವ ಮೊದಲೇ ಮನೆ ಸೇರಿ ಬಾಗಿಲು ಮುಂದೆಮಾಡಿ, ನೆಲಕ್ಕೆ ನೀರು ಚಿಮುಕಿಸಿ, ತಂಪಾದ ಮೂಲೆಯನ್ನು ಹುಡುಕಿಕೊಳ್ಳಬಹುದು. ಆದರೆ ಅದೇ ಊರಿನ ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದಿರುವ ಮುದುಕಿಗೆ ೧-೩೦ರ ಗಂಟೆ ಬಾರಿಸಿದರೆ ಏನು ಫಲ? ಆಕೆಗೆ ಹೋಗಲು ಬೇರೆ ಮನೆಯಿಲ್ಲ. ಆ ಕೋಣೆಯೇ ಆಕೆಯ ಮನೆ, ಕಚೇರಿ, ಜಗತ್ತು ಎಲ್ಲವೂ ಆಗಿದೆ. ಹೊರಟುಹೋಗಬಲ್ಲವನಿಗೆ ನಿಯಮವುಂಟು, ಹೊರಡಲಾರದವಳಿಗೆ ನಿಯಮವಿಲ್ಲ. ಈ ವಿಪರ್ಯಾಸವೇ ಇಡೀ ವಿಷಯದ ಕೀಲು.

ಕೋಣೆಯ ಬಿಸಿ ಹೊರಗಣ ಬಿಸಿಲಿಗೆ ಸಮನಾಗಿರುವುದೆಂದು ತಿಳಿಯುವುದು ತಪ್ಪು. ಅದು ಮಾಡಿನ ಗುಣವನ್ನು ಅವಲಂಬಿಸಿದೆ. ಈ ಸೀಮೆಯ ಹಳೆಯ ಮಾಳಿಗೆಮನೆಗಳನ್ನು ನೋಡಿದವರಿಗೆ ಇದು ತಾನೇ ತಿಳಿಯುವುದು. ದಪ್ಪನೆಯ ಕಲ್ಲುಗೋಡೆ, ಮೇಲೆ ಮೊಳದಷ್ಟು ಮಣ್ಣು ಹೊದಿಸಿದ ಮಾಳಿಗೆ, ನಡುವೆ ಬೆಳಕಿಂಡಿ. ಅಂಥ ಗೋಡೆಯೊಳಗೆ ಬಿಸಿ ಇಳಿಯಲು ಹಗಲೆಲ್ಲ ಬೇಕು. ಅದು ಒಳಗೆ ಬಂದು ಮುಟ್ಟುವ ಹೊತ್ತಿಗೆ ಹೊತ್ತು ಮುಳುಗಿ, ಮನೆಯವರು ಹಾಸಿಗೆ ಸುತ್ತಿಕೊಂಡು ಮಾಳಿಗೆಯ ಮೇಲೆ ಮಲಗಲು ಹೋಗಿರುತ್ತಾರೆ. ತಗಡಿನ ಮಾಡಿನ ಗುಣ ಬೇರೆ. ಅದು ಹೊತ್ತೇರುತ್ತಲೇ ಕಾದು ಕೆಂಡದಂತಾಗಿ ಕೆಳಗಿದ್ದವರ ತಲೆಯ ಮೇಲೆ ಝಳವನ್ನು ಸುರಿಯುವುದು; ಆದರೆ ರಾತ್ರಿ ಬೇಗನೆ ಆರುವುದು. ಸಿಮೆಂಟು ಕಬ್ಬಿಣಗಳ ತೆಳುವಾದ ಮಾಡು ಇವೆರಡರ ದೋಷಗಳನ್ನೂ ಕೂಡಿಸಿಕೊಂಡಿದೆ. ಹಗಲಿನ ಬಿಸಿಯನ್ನು ತಡೆಯುವಷ್ಟು ದಪ್ಪವಲ್ಲ, ರಾತ್ರಿ ಬೇಗ ಆರುವಷ್ಟು ಹಗುರವಲ್ಲ. ಹಗಲೆಲ್ಲ ಕುಡಿದ ಬಿಸಿಲನ್ನು ಅದು ಸಂಜೆಯಿಂದ ನಡುರಾತ್ರಿಯ ವರೆಗೆ ಒಳಗೆ ಕಾರುತ್ತಿರುವುದು. ಸಾರ್ವಜನಿಕ ಕಟ್ಟಡಗಳಲ್ಲಿ ಇಂದು ಹೆಚ್ಚಾಗಿ ಕಾಣುವುದು ಈ ಬಗೆಯ ಮಾಡೇ. ಸಿಮೆಂಟನ್ನು ನಾಡಿಗೆಲ್ಲ ಕಳುಹಿಸಿಕೊಡುವ ಈ ಸೀಮೆಯಲ್ಲಿ ಮಣ್ಣಿನ ಮಾಳಿಗೆ ಮರೆಯಾಗುತ್ತಿರುವುದು ವಿಚಾರವಂತರು ಗಮನಿಸತಕ್ಕ ಸಂಗತಿ.

ಇನ್ನು ದೇಹದ ಮಾತು. ಮನುಷ್ಯಶರೀರವು ೩೭ ಡಿಗ್ರಿಯ ಸುತ್ತಮುತ್ತ ತನ್ನ ಬಿಸಿಯನ್ನು ಕಾಪಾಡಿಕೊಳ್ಳಬೇಕು. ಸುತ್ತಣ ಗಾಳಿ ಚರ್ಮಕ್ಕಿಂತ ಬಿಸಿಯಾದಾಗ ಅದಕ್ಕಿರುವ ಉಪಾಯ ಬೆವರೊಂದೇ. ಮುಪ್ಪಿನಲ್ಲಿ ಬೆವರು ಕಡಿಮೆ. ನೀರಡಿಕೆಯ ಅರಿವೂ ಮಂದ. ರಕ್ತದ ಒತ್ತಡಕ್ಕೆಂದು ಕೊಡುವ ಕೆಲವು ಮಾತ್ರೆಗಳು ಮೈಯ ನೀರನ್ನು ಹೊರಹಾಕುವುವು. ಮನೋವ್ಯಾಧಿಗೆ ಕೊಡುವ ಕೆಲವು ಔಷಧಗಳು ಬೆವರನ್ನೇ ತಡೆಯುವುವು. ಹಸುಗೂಸು ಬಾಯಿಬಿಟ್ಟು ಹೇಳಲಾರದು. ಒಳಮೈಯ ಬಿಸಿ ೪೦ ಡಿಗ್ರಿಯನ್ನು ದಾಟಿ ಎಚ್ಚರ ತಪ್ಪಿದರೆ ಪ್ರಾಣಕ್ಕೆ ಅಪಾಯ. ವಿದ್ಯುತ್ ಪಂಕವು ಎಲ್ಲ ಸಮಯದಲ್ಲಿಯೂ ಕಾಯುವುದೆಂದು ನಂಬುವಂತಿಲ್ಲ. ಗಾಳಿಯೇ ೪೦ ಡಿಗ್ರಿಗಿಂತ ಬಿಸಿಯಾದಾಗ ಅದು ದೇಹವನ್ನು ಇನ್ನಷ್ಟು ಕಾಯಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಎಚ್ಚರಿಸಿದೆ. ಆಶ್ರಯಗೃಹಗಳಲ್ಲಿ ಇರುವವರು ಯಾರೆಂದು ಎಣಿಸಿದರೆ—ಮುದುಕರು, ರೋಗಿಗಳು, ಮಕ್ಕಳು, ಬುದ್ಧಿ ಕದಡಿದವರು—ಧಗೆಗೆ ಅತ್ಯಂತ ಸುಲಭವಾಗಿ ಬಲಿಯಾಗತಕ್ಕವರನ್ನೆಲ್ಲ ಆರಿಸಿ ಒಂದೆಡೆ ಕೂಡಿಸಿದಂತೆ ತೋರುವುದು.

ಇಷ್ಟಾದರೂ ಕಾಯಿದೆಗಳು ಏನು ಹೇಳುತ್ತವೆ? ೨೦೦೭ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು ಜಿಲ್ಲೆಗೊಂದರಂತೆ, ಮೊದಲಲ್ಲಿ ಕನಿಷ್ಠ ೧೫೦ ಮಂದಿ ಬಡ ವೃದ್ಧರಿಗೆ ಸಾಕಾಗುವ ವೃದ್ಧಾಶ್ರಮವನ್ನು ರಾಜ್ಯ ಸರಕಾರಗಳು ಸ್ಥಾಪಿಸಬಹುದೆಂದು ಹೇಳುತ್ತದೆ. ನಗರಗಳ ವಸತಿಹೀನರ ತಂಗುದಾಣಗಳಿಗೆ ಕೇಂದ್ರ ಸರಕಾರವು ಮಾಡಿದ ಕಟ್ಟಳೆಯಲ್ಲಿ ತಲೆಗೆ ೫೦ ಚದರಡಿ ಜಾಗವಿರಬೇಕೆಂದು ಗೊತ್ತುಮಾಡಿದೆ. ಲಕ್ಷ ಜನಸಂಖ್ಯೆಗೆ ನೂರು ಮಂದಿಗಾದರೂ ತಾವಿರಬೇಕೆಂದಿದೆ. ಮಕ್ಕಳ ಸಂಸ್ಥೆಗಳ ನಿಯಮಗಳಲ್ಲಿ ಮಲಗುವ ಕೋಣೆಯಲ್ಲಿ ಒಂದು ಮಗುವಿಗೆ ೪೦ ಚದರಡಿ ಎಂಬ ಲೆಕ್ಕವುಂಟು. ಜಾಗಕ್ಕೆ ಅಂಕಿಯುಂಟು, ತಲೆಗೆ ಅಂಕಿಯುಂಟು. ಗಾಳಿಯ ಬಿಸಿಗೆ ಬಂದಾಗ ಮಾತ್ರ ‘ತಕ್ಕಷ್ಟು’ ಎಂಬ ಮಾತಿನಲ್ಲಿ ನಿಯಮವು ಮುಗಿದುಹೋಗುವುದು. ತಕ್ಕಷ್ಟು ಎಂದರೆ ಎಷ್ಟು? ಕೊಡುವವನಿಗೆ ತಕ್ಕಷ್ಟೋ, ಇರುವವನಿಗೆ ತಕ್ಕಷ್ಟೋ?

ಇದಕ್ಕೆ ಒಂದು ಐತಿಹಾಸಿಕ ಕಾರಣವೂ ಇದ್ದೀತು. ವಸತಿಹೀನರಿಗೆ ತಂಗುದಾಣ ಒದಗಿಸುವ ಹೊಣೆ ಸರಕಾರದ್ದೆಂಬ ವಿಚಾರ ಈ ದೇಶದಲ್ಲಿ ಬಲಗೊಂಡುದು ದೆಹಲಿಯ ಚಳಿಯಿಂದ. ೨೦೧೦ರ ಜನವರಿಯಲ್ಲಿ ಬೀದಿಯ ಜನರ ಸಂಕಟವು ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ತಂಗುದಾಣಗಳನ್ನು ತೆರೆಯಬೇಕೆಂದು ಆಜ್ಞೆಗಳಾದುವು. ಅವು ಮುಂದೆ ಇತರ ರಾಜ್ಯಗಳಿಗೂ ವಿಸ್ತರಿಸಿದುವು. ಚಳಿಗೆ ನಾಲ್ಕು ಗೋಡೆ, ಒಂದು ಮಾಡು, ಒಂದು ಕಂಬಳಿ ಇದ್ದರೆ ಪ್ರಾಣ ಉಳಿದೀತು. ಆದರೆ ಧಗೆಗೆ ಅದೇ ನಾಲ್ಕು ಗೋಡೆ, ಅದೇ ಮಾಡು ಶತ್ರುವಾಗಬಲ್ಲವು. ದೆಹಲಿಯ ಪೌಷಮಾಸಕ್ಕೆ ಹುಟ್ಟಿದ ಕಲ್ಪನೆಯನ್ನು ಸೇಡಮಿನ ವೈಶಾಖಕ್ಕೆ ಹಾಗೆಯೇ ತೊಡಿಸಿದರೆ ಅಂಗಿ ಹೊಂದುವುದೆಂತು?

ಕಾರ್ಖಾನೆಗಳ ಸಂಗತಿ ಇದಕ್ಕಿಂತ ಮುಂದುವರಿದಿದೆ. ೧೯೪೮ರ ಕಾರ್ಖಾನೆಗಳ ಕಾಯಿದೆಯ ೧೩ನೆಯ ಕಲಮು ಕೆಲಸದ ಕೋಣೆಗಳಲ್ಲಿ ಕೆಲಸಗಾರರಿಗೆ ನೆಮ್ಮದಿಯೂ ಆರೋಗ್ಯವೂ ಕೆಡದಷ್ಟು ಉಷ್ಣಮಾನವನ್ನು ಕಾಪಾಡಬೇಕೆಂದು, ಗೋಡೆ ಮಾಡುಗಳನ್ನು ಅದಕ್ಕೆ ತಕ್ಕಂತೆ ಕಟ್ಟಬೇಕೆಂದು ವಿಧಿಸಿತು. ಬೇಕಾದರೆ ಅಳತೆಯನ್ನು ಗೊತ್ತುಮಾಡುವ ಅಧಿಕಾರವನ್ನೂ ರಾಜ್ಯ ಸರಕಾರಗಳಿಗೆ ಕೊಟ್ಟಿತು. ಸಿಮೆಂಟಿನ ಭಟ್ಟಿಯಲ್ಲಿ ಸುಣ್ಣಗಲ್ಲು ಸುಮಾರು ೧೪೫೦ ಡಿಗ್ರಿಯಲ್ಲಿ ಬೇಯಬೇಕು. ಆ ಬೆಂಕಿಯ ಏರಿಳಿತವನ್ನು ಹಗಲಿರುಳು ಯಂತ್ರಗಳು ಅಳೆಯುತ್ತಿರುತ್ತವೆ, ಬರೆದಿಡುತ್ತಿರುತ್ತವೆ. ಕಲ್ಲು ಬೇಯುವ ಬಿಸಿಯನ್ನು ಅಷ್ಟು ಎಚ್ಚರದಿಂದ ಅಳೆಯುವ ಸೀಮೆಯಲ್ಲಿ ಮನುಷ್ಯನು ಮಲಗುವ ಕೋಣೆಯ ಬಿಸಿಯನ್ನು ಅಳೆಯತಕ್ಕದ್ದೆಂಬ ಕಟ್ಟಳೆ ಇಲ್ಲದಿರುವುದು ಬಡತನದಿಂದಾದುದೆಂದು ಹೇಳಲು ಬಾರದು. ಉಷ್ಣಮಾಪಕದ ಬೆಲೆ ಒಂದು ಹೊತ್ತಿನ ಸಂತೆಯ ಖರ್ಚಿಗಿಂತ ಹೆಚ್ಚಲ್ಲ. ಅದು ಗಮನದ ಕೊರತೆ.

ಬೇರೆ ದೇಶಗಳು ಈ ಪಾಠವನ್ನು ಸಾವಿನಿಂದ ಕಲಿತವು. ೨೦೦೩ರ ಆಗಸ್ಟಿನಲ್ಲಿ ಫ್ರಾನ್ಸಿನಲ್ಲಿ ಧಗೆಯಿಂದ ಸುಮಾರು ೧೫,೦೦೦ ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ವೃದ್ಧರು. ಆಮೇಲೆ ಅಲ್ಲಿಯ ವೃದ್ಧಗೃಹಗಳಲ್ಲಿ ತಂಪಾದ ಕೋಣೆಯೊಂದಾದರೂ ಇರಲೇಬೇಕೆಂದು ನಿಯಮವಾಯಿತು. ೨೦೧೭ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಬಿರುಗಾಳಿಗೆ ಸಿಕ್ಕಿ ಒಂದು ವೃದ್ಧಗೃಹದ ತಂಪು ಮಾಡುವ ಯಂತ್ರಕ್ಕೆ ವಿದ್ಯುತ್ತು ನಿಂತುಹೋಗಿ ಹನ್ನೆರಡು ಮಂದಿ ಪ್ರಾಣ ಬಿಟ್ಟರು. ಆ ಗೃಹದ ಎದುರು ಬೀದಿಯಲ್ಲಿಯೇ ದೊಡ್ಡದೊಂದು ಆಸ್ಪತ್ರೆಯಿತ್ತು ಎಂಬುದು ಆ ಕಥೆಯ ಕಹಿಯಾದ ಭಾಗ. ಮರುವರ್ಷ ಆ ಸಂಸ್ಥಾನವು ವೃದ್ಧಗೃಹಗಳಲ್ಲಿ ವಿದ್ಯುತ್ತು ಹೋದರೂ ನಾಲ್ಕು ದಿನಗಳ ವರೆಗೆ ಉಷ್ಣಮಾನವನ್ನು ಸುಮಾರು ೨೭ ಡಿಗ್ರಿಯೊಳಗೆ ಇಡುವ ಏರ್ಪಾಟಿರಬೇಕೆಂದು ವಿಧಿಸಿತು. ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ದೀರ್ಘಕಾಲದ ಶುಶ್ರೂಷಾಗೃಹಗಳು ೨೨ ಡಿಗ್ರಿಗಿಂತ ತಣ್ಣಗಾಗಕೂಡದು, ಹೊರಗಣ ಬಿಸಿ ೨೬ಕ್ಕೆ ಏರುವ ದಿನಗಳಲ್ಲಿ ವಿಶೇಷ ಎಚ್ಚರವಿರಬೇಕು ಎಂದು ನಿಯಮವುಂಟು.

ಇಲ್ಲಿಯೇ ಮೊದಲನೆಯ ಆಕ್ಷೇಪ ಏಳುವುದು. ೨೬ ಡಿಗ್ರಿಯನ್ನು ಕಂಡು ಹೆದರುವ ನಾಡಿನ ನಿಯಮವನ್ನು ಚಿಂಚೋಳಿಗೆ ತಂದರೆ ನಗೆಪಾಟಲಾಗದೆ? ಇಲ್ಲಿ ಮಾಘಮಾಸದ ಮಧ್ಯಾಹ್ನವೂ ಆ ಅಂಕಿಯನ್ನು ದಾಟುವುದಲ್ಲ! ಈ ಆಕ್ಷೇಪ ಸರಿಯಾದುದೇ. ಎರವಲು ಅಂಕಿಯಿಂದ ಧರ್ಮ ನಡೆಯದು. ಆದರೆ ಎರವಲು ಅಂಕಿ ಹೊಂದದೆಂಬುದರಿಂದ ಸ್ವಂತ ಅಂಕಿಯೇ ಬೇಡವೆಂದು ಸಿದ್ಧವಾಗುವುದಿಲ್ಲ. ಅಹಮದಾಬಾದಿನ ವಿದ್ವಾಂಸರು ಭಾರತದ ಐದು ಬಗೆಯ ಹವೆಗಳಲ್ಲಿ ಕೆಲಸಮಾಡುವ ಸಾವಿರಾರು ಜನರನ್ನು ವಿಚಾರಿಸಿ ಒಂದು ಸೂತ್ರವನ್ನು ರಚಿಸಿದರು. ೨೦೧೬ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಅದು ಸೇರಿತು. ಅದರ ಪ್ರಕಾರ, ಕಿಟಕಿ ತೆರೆದು ಗಾಳಿಯಾಡುವ ಕಟ್ಟಡದಲ್ಲಿ ಜನರಿಗೆ ನೆಮ್ಮದಿಯೆನಿಸುವ ಬಿಸಿಯು ಹೊರಗಣ ಹವೆಯನ್ನನುಸರಿಸಿ ಬದಲಾಗುವುದು. ಹೊರಗಣ ಹಗಲಿರುಳಿನ ಸರಾಸರಿ ೩೪ ಡಿಗ್ರಿಯಾಗಿದ್ದರೆ ಒಳಗೆ ೩೧ರ ಸುಮಾರು ಸಹ್ಯ. ಅಂದರೆ ಈ ನಾಡಿನ ದೇಹಕ್ಕೆ ಈ ನಾಡಿನ ಅಂಕಿ ಸಿಕ್ಕಂತಾಯಿತು. ಆದರೆ ಆ ಅಧ್ಯಯನ ನಡೆದುದು ಕಚೇರಿಗಳಲ್ಲಿ, ಗಟ್ಟಿಮುಟ್ಟಾದ ಜನರ ನಡುವೆ, ಎಂಬುದನ್ನು ಮರೆಯಕೂಡದು. ಎಂಬತ್ತರ ಮುದುಕನಿಗೂ ಎಂಟು ದಿನದ ಕೂಸಿಗೂ ಸಲ್ಲುವ ಎಲ್ಲೆಯು ಅದಕ್ಕಿಂತ ಕೆಳಗಿರಬೇಕೇ ಹೊರತು ಮೇಲಲ್ಲ.

ಎರಡನೆಯ ಆಕ್ಷೇಪ ರೂಢಿಯದು. ‘ನಮ್ಮ ಜನಕ್ಕೆ ಬಿಸಿಲು ಹೊಸದೇ? ಹುಟ್ಟಿದಂದಿನಿಂದ ಕಂಡದ್ದು’ ಎನ್ನುವವರುಂಟು. ದೇಹವು ಬಿಸಿಗೆ ಒಗ್ಗಿಕೊಳ್ಳುವುದು ನಿಜ. ಆದರೆ ಒಗ್ಗುವುದಕ್ಕೂ ಒಂದು ಎಲ್ಲೆಯುಂಟು, ಮುಪ್ಪು ಆ ಎಲ್ಲೆಯನ್ನು ದಿನದಿನಕ್ಕೆ ಕುಗ್ಗಿಸುವುದು. ಬಿಸಿಲಿಗೆ ಹೆಸರಾದ ಅಹಮದಾಬಾದಿನಲ್ಲಿ ೨೦೧೦ರ ಮೇ ತಿಂಗಳೊಂದರಲ್ಲಿಯೇ ವಾಡಿಕೆಗಿಂತ ೧,೩೪೪ ಸಾವುಗಳು ಹೆಚ್ಚಾಗಿ ಸಂಭವಿಸಿದುವು. ಅವರೆಲ್ಲರೂ ಹುಟ್ಟಿದಂದಿನಿಂದ ಬಿಸಿಲನ್ನು ಕಂಡವರೇ. ರೂಢಿಯ ವಾದದಲ್ಲಿ ಇನ್ನೂ ಒಂದು ದೋಷವಿದೆ. ಅದನ್ನು ಹೇಳುವವರು ಬಹುತೇಕ ಬಿಸಿಲನ್ನು ತಪ್ಪಿಸಿಕೊಳ್ಳಬಲ್ಲವರು. ತಾನು ಸಹಿಸದೆ ಉಳಿದುದನ್ನು ಇನ್ನೊಬ್ಬನು ಸಹಿಸಬಲ್ಲನೆಂದು ತೀರ್ಮಾನಿಸುವ ಅಧಿಕಾರ ಯಾರಿಗೂ ಇಲ್ಲ.

ಮೂರನೆಯ ಆಕ್ಷೇಪ ಇವೆರಡಕ್ಕಿಂತ ಗಹನವಾದುದು. ಫರಸಿಯ ಖಣಿಯಲ್ಲಿ ಕಲ್ಲು ಒಡೆಯುವ ಕೂಲಿಕಾರನು ಸಂಜೆ ಮರಳುವುದು ತಗಡಿನ ಗುಡಿಸಲಿಗೆ. ಬೆವರು ಸುರಿಸಿ ಬದುಕುವವನಿಗೇ ಇಲ್ಲದ ತಂಪು ಧರ್ಮದ ಅನ್ನ ಉಣ್ಣುವವನಿಗೆ ಏಕೆ? ಇದು ಹೊಸ ವಾದವಲ್ಲ. ೧೮೩೪ರಲ್ಲಿ ಇಂಗ್ಲೆಂಡಿನವರು ತಮ್ಮ ದರಿದ್ರರ ಕಾಯಿದೆಯನ್ನು ತಿದ್ದಿದಾಗ ಇದನ್ನೇ ತಳಹದಿಯಾಗಿ ಇಟ್ಟುಕೊಂಡರು. ದರಿದ್ರಾಲಯದಲ್ಲಿರುವವನ ಸ್ಥಿತಿಯು ಹೊರಗೆ ದುಡಿಯುವ ಅತ್ಯಂತ ಬಡವನ ಸ್ಥಿತಿಗಿಂತ ಕೀಳಾಗಿರಬೇಕೆಂದು ಬಗೆದರು. ಫಲವಾಗಿ ಆಶ್ರಯವೇ ಶಿಕ್ಷೆಯಾಯಿತು. ಈ ವಾದಕ್ಕೆ ಉತ್ತರವು ಕೂಲಿಕಾರನ ಬಾಳಿನಲ್ಲಿಯೇ ಇದೆ. ಗುಡಿಸಲು ಕಾದಾಗ ಅವನು ಹೊರಗೆ ಬರುತ್ತಾನೆ. ಬೇವಿನ ನೆರಳು, ಗುಡಿಯ ಕಟ್ಟೆ, ಹಳ್ಳದ ದಂಡೆ, ನೆರೆಮನೆಯ ಮಾಳಿಗೆ—ಇವೆಲ್ಲ ಅವನ ಮನೆಯ ಭಾಗಗಳೇ. ಬಡವನ ಮನೆ ಚಿಕ್ಕದಾದರೂ ಅದಕ್ಕೆ ಗೋಡೆಗಳಿಲ್ಲ. ಆಶ್ರಯಗೃಹದ ನಿವಾಸಿಗೆ ಈ ಸ್ವಾತಂತ್ರ್ಯವಿಲ್ಲ. ಕೆಲವರಿಗೆ ಕಾಲು ಬಾರದು, ಕೆಲವರಿಗೆ ಅಪ್ಪಣೆಯಿಲ್ಲ, ರಾತ್ರಿ ಬಾಗಿಲಿಗೆ ಬೀಗ. ಆ ಬೀಗ ಅವರ ಕ್ಷೇಮಕ್ಕಾಗಿಯೇ ಹಾಕಿದ್ದಿರಬಹುದು. ಆದರೆ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವನು ಅದರೊಡನೆಯೇ ಒಳಗಣ ಗಾಳಿಯ ಹೊಣೆಯನ್ನೂ ಸಿಕ್ಕಿಸಿಕೊಂಡಂತೆ. ಇನ್ನೊಬ್ಬನು ತನ್ನನ್ನು ತಾನು ಕಾಪಾಡಿಕೊಳ್ಳುವ ದಾರಿಯನ್ನು ಮುಚ್ಚಿದವನು ಅವನನ್ನು ಕಾಪಾಡಲು ಬದ್ಧನಾಗುತ್ತಾನೆ. ಕೂಲಿಕಾರನ ಗುಡಿಸಲೂ ತಂಪಾಗಬೇಕೆಂಬುದು ಸರಿಯೇ. ಆ ಕೆಲಸ ಆಗಿಲ್ಲವೆಂಬುದು ಈ ಕೆಲಸವನ್ನು ಬಿಡಲು ನೆವವಾಗಲಾರದು.

ನಿರಾಶ್ರಿತರ ಪರಿಹಾರ ಕೇಂದ್ರಗಳ ವಿಷಯದಲ್ಲಿ ಈ ತತ್ತ್ವವು ಇನ್ನೂ ಸ್ಪಷ್ಟ. ಕರ್ನಾಟಕದ ೧೯೭೫ರ ಭಿಕ್ಷಾಟನೆ ನಿಷೇಧ ಕಾಯಿದೆಯ ಪ್ರಕಾರ ಭಿಕ್ಷುಕರನ್ನು ಹಿಡಿದು ಅಂಥ ಕೇಂದ್ರಗಳಲ್ಲಿ ಇರಿಸಬಹುದು. ಅವರು ತಾವಾಗಿ ಬಂದವರಲ್ಲ. ತಾವಾಗಿ ಹೋಗುವಂತೆಯೂ ಇಲ್ಲ. ೨೦೧೦ರ ಆಗಸ್ಟಿನಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಹಲವರು ಸತ್ತಾಗ ರಾಜ್ಯವೆಲ್ಲ ತಲ್ಲಣಿಸಿತು. ಅವು ಬಿಸಿಲಿನ ಸಾವುಗಳಾಗಿರಲಿಲ್ಲ. ಆದರೂ ಬಾಗಿಲಿನ ಹೊರಗಿರುವವರು ವಿಚಾರಿಸದೆ ಹೋದರೆ ಒಳಗಿರುವವರ ಗತಿಯೇನಾಗುವುದೆಂಬುದನ್ನು ಅವು ತೋರಿಸಿಕೊಟ್ಟವು. ಈ ಕೇಂದ್ರಗಳ ಖರ್ಚಿಗೆಂದು ಮನೆಯ ಕಂದಾಯದೊಡನೆ ನೂರಕ್ಕೆ ಮೂರರಂತೆ ಭಿಕ್ಷುಕರ ಕರವನ್ನು ಎತ್ತಲಾಗುತ್ತದೆ. ಪಟ್ಟಣದಲ್ಲಿ ಸ್ವಂತ ಮನೆಯುಳ್ಳವರು ಕಂದಾಯದ ಚೀಟಿಯನ್ನು ಬಿಚ್ಚಿ ನೋಡಿದರೆ ಆ ಸಾಲು ಕಣ್ಣಿಗೆ ಬೀಳುವುದು. ಹಣ ಕೊಟ್ಟವನಿಗೆ ಕೇಳುವ ಹಕ್ಕುಂಟು. ಕೇಳದಿದ್ದರೆ ಪಾಲುಗಾರಿಕೆಯೂ ಉಂಟು.

ಕಡೆಯ ಆಕ್ಷೇಪ ಬಡತನದ್ದು. ಅದನ್ನು ಗೌರವದಿಂದ ಕೇಳತಕ್ಕುದು. ದಾನಿಗಳ ಕೈನೋಡಿ ನಡೆಯುವ ಅನಾಥಾಲಯಕ್ಕೆ ಶೈತ್ಯಯಂತ್ರಗಳನ್ನು ಹಾಕಿಸೆಂದು ಕಟ್ಟಪ್ಪಣೆ ಮಾಡಿದರೆ ಅದು ಬಾಗಿಲು ಮುಚ್ಚುವುದು. ಒಳಗಿದ್ದವರು ಬೀದಿಗೆ ಬರುವರು. ಕಾಪಾಡಲು ಹೊರಟ ನಿಯಮವೇ ಕೊಂದಂತಾಗುವುದು. ಇದು ನಿಜವಾದ ಭಯ. ಆದರೆ ನಿಯಮವೆಂದರೆ ಯಂತ್ರವೆಂದೇ ತಿಳಿಯಬೇಕಾದುದಿಲ್ಲ. ಅಹಮದಾಬಾದಿನ ಶಾರದಾಬೆನ್ ಆಸ್ಪತ್ರೆಯಲ್ಲಿ ಬಾಣಂತಿಯರ ಕೋಣೆಯು ಎಲ್ಲಕ್ಕೂ ಮೇಲಣ ಅಂತಸ್ತಿನಲ್ಲಿ, ಕಾದ ಮಾಡಿನ ಕೆಳಗೆ ಇತ್ತು. ಧಗೆಯ ದಿನಗಳಲ್ಲಿ ಕೂಸುಗಳು ಜ್ವರ ಬಂದಂತೆ ಕಾಯ್ದು ತುರ್ತು ಚಿಕಿತ್ಸೆಗೆ ಹೋಗುತ್ತಿದ್ದುವು. ಆ ಕೋಣೆಯನ್ನು ಕೆಳಗಣ ಅಂತಸ್ತಿಗೆ ವರ್ಗಾಯಿಸಿದ ಮೇಲೆ ಬಿಸಿಯಿಂದ ಹಾಗೆ ಹೋಗುವ ಕೂಸುಗಳ ಸಂಖ್ಯೆಯು ನೂರಕ್ಕೆ ಅರುವತ್ತಕ್ಕಿಂತ ಹೆಚ್ಚಾಗಿ ಇಳಿಯಿತು. ಹೊಸ ಯಂತ್ರವಿಲ್ಲ, ಹೊಸ ಕಟ್ಟಡವಿಲ್ಲ. ಯಾರನ್ನು ಎಲ್ಲಿ ಮಲಗಿಸಬೇಕೆಂಬ ವಿಚಾರವೊಂದೇ. ೨೦೧೩ರಲ್ಲಿ ಆ ನಗರವು ಧಗೆಯನ್ನು ಎದುರಿಸುವ ಯೋಜನೆಯನ್ನೂ ಮಾಡಿಕೊಂಡಿತು.

ಎರಡನೆಯ ಉಪಾಯ ಈ ಸೀಮೆಯವರ ಕಾಲಡಿಯಲ್ಲಿಯೇ ಬಿದ್ದಿದೆ. ಬಿಳಿಯ ಮೈ ಬಿಸಿಲನ್ನು ಹಿಂದಕ್ಕೆ ತಳ್ಳುವುದು. ಮಾಡಿನ ಮೇಲೆ ಸುಣ್ಣ ಬಳಿದರೆ ಒಳಗಣ ಬಿಸಿ ಎರಡು ಮೂರು ಡಿಗ್ರಿಯಷ್ಟಾದರೂ ಇಳಿಯುವುದು. ಸುಣ್ಣಕ್ಕೆ ಬರವಿಲ್ಲದ ನಾಡಿದು. ಸೇಡಂ ಚಿಂಚೋಳಿಗಳ ಗಡಿಯ ಆಚೆಗಿರುವ ತೆಲಂಗಾಣವು ೨೦೨೩ರಲ್ಲಿ ತಂಪು ಮಾಡುಗಳ ನೀತಿಯೊಂದನ್ನು ಹೊರಡಿಸಿ, ಸರಕಾರಿ ಕಟ್ಟಡಗಳಿಗೂ ವಾಣಿಜ್ಯದ ಕಟ್ಟಡಗಳಿಗೂ ಅದನ್ನು ಕಡ್ಡಾಯಮಾಡಿತು. ಒಂದೇ ಬಿಸಿಲು, ಒಂದೇ ಕಲ್ಲು. ನಡುವೆ ಗಡಿಯ ಗೆರೆಯೊಂದೇ. ಲಾವಂಚದ ತಟ್ಟಿಗೆ ನೀರು ಚಿಮುಕಿಸಿ ಕಿಟಕಿಗೆ ಕಟ್ಟುವುದನ್ನು ನಿಜಾಮರ ಕಾಲದ ಮನೆಗಳು ಬಲ್ಲವು; ಒಣಹವೆಯ ಈ ಸೀಮೆಯಲ್ಲಿ ಅದು ಇಂದಿಗೂ ಕೆಲಸಮಾಡುವ ಉಪಾಯ. ಮೂರನೆಯದಾಗಿ, ಫ್ರಾನ್ಸಿನವರಂತೆ ಗೃಹಕ್ಕೆ ಒಂದೇ ಒಂದು ತಂಪಿನ ಕೋಣೆ. ಐವತ್ತು ಕೋಣೆಗಳನ್ನು ತಂಪು ಮಾಡಲಾಗದ ಸಂಸ್ಥೆಯು ಒಂದನ್ನು ಮಾಡಬಹುದು. ಮಧ್ಯಾಹ್ನದ ನಾಲ್ಕು ಗಂಟೆಗಳ ಕಾಲ ಬಲಹೀನರನ್ನು ಅಲ್ಲಿ ಕೂಡಿಸಬಹುದು.

ಇವನ್ನೆಲ್ಲ ಕೂಡಿಸಿದರೆ ನಿಯಮದ ಆಕಾರವು ತಾನಾಗಿ ಗೋಚರಿಸುವುದು. ಮಲಗುವ ಪ್ರತಿಯೊಂದು ಕೋಣೆಯಲ್ಲಿ, ನಿವಾಸಿಗಳಿಗೆ ಕಾಣುವಂತೆ, ಒಂದು ಉಷ್ಣಮಾಪಕ. ಮುಂಜಾನೆ, ಮಧ್ಯಾಹ್ನ ಮೂರು, ರಾತ್ರಿ ಒಂಬತ್ತು ಗಂಟೆಗಳಿಗೆ ಅದನ್ನು ನೋಡಿ ಗೋಡೆಯ ಹಲಗೆಯಲ್ಲಿ ಬರೆಯುವ ಕ್ರಮ. ಒಳಗಣ ಬಿಸಿ ೩೨ ಡಿಗ್ರಿಯನ್ನು ದಾಟಿದರೆ ನೀರು, ಒದ್ದೆಬಟ್ಟೆ, ಗಾಳಿಗಳ ಏರ್ಪಾಟು. ೩೫ನ್ನು ದಾಟಿದರೆ ವೃದ್ಧರನ್ನೂ ರೋಗಿಗಳನ್ನೂ ಕೂಸುಗಳನ್ನೂ ತಂಪಿನ ಕೋಣೆಗೆ ಒಯ್ಯತಕ್ಕದ್ದು. ಬಲಹೀನರನ್ನು ಮೇಲಣ ಅಂತಸ್ತಿನಲ್ಲಿ ಮಲಗಿಸಕೂಡದು. ಶಿವರಾತ್ರಿಗೆ ಚಳಿಯು ಶಿವಶಿವಾ ಎಂದು ಹೋಗುವುದೆಂದು ನಾಡಮಾತು. ಆ ಶಿವರಾತ್ರಿಯೊಳಗಾಗಿ ವರ್ಷವರ್ಷವೂ ಮಾಡಿಗೆ ಸುಣ್ಣವಾಗಬೇಕು. ಚಳಿಗಾಲಕ್ಕೂ ಒಂದು ಕೆಳಗಣ ಎಲ್ಲೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯು ೧೮ ಡಿಗ್ರಿಯನ್ನು ಹೇಳಿದೆ, ಫರಸಿಯ ನೆಲದ ಮೇಲೆ ಬರಿಯ ಚಾಪೆ ಹಾಸಿದ ಮುದುಕನ ಮೂಳೆಗಳು ಅದರ ಅರ್ಥವನ್ನು ಬಲ್ಲವು. ಈ ಅಂಕಿಗಳು ತಜ್ಞರ ಚರ್ಚೆಯಿಂದ ಒಂದೆರಡು ಡಿಗ್ರಿ ಅತ್ತಿತ್ತಲಾದರೆ ಚಿಂತೆಯಿಲ್ಲ. ಅಂಕಿಯೊಂದು ಇರಬೇಕು ಎಂಬುದೇ ಮುಖ್ಯ. ಸರಕಾರವು ಮೊದಲು ಹಣ ಕೊಟ್ಟು ಆಮೇಲೆ ಲೆಕ್ಕ ಕೇಳತಕ್ಕುದು. ದಂಡವು ಎಲ್ಲಕ್ಕೂ ಕಡೆಯ ಮಾತಾಗಬೇಕು.

ನಿಯಮಗಳೆಲ್ಲ ಕಾಗದದಲ್ಲಿ ಉಳಿಯುವುವೆಂದು ನಿರಾಶರಾಗುವವರುಂಟು. ಅದಕ್ಕಾಗಿಯೇ ಉಷ್ಣಮಾಪಕವು ಮೇಲ್ವಿಚಾರಕನ ಕೋಣೆಯಲ್ಲಿರದೆ ನಿವಾಸಿಯ ಕಣ್ಣಿಗೆ ಬೀಳುವಂತಿರಬೇಕು. ‘ಬಹಳ ಸೆಕೆಯಾಗುತ್ತದಪ್ಪಾ’ ಎಂದು ಮುದುಕಿ ಗೊಣಗಿದರೆ ಅದು ವಯಸ್ಸಿನ ಹಠವೆಂದು ತಳ್ಳಿಬಿಡಬಹುದು. ‘ಮೂವತ್ತಾರಾಗಿದೆ, ನೋಡು’ ಎಂದು ಅವಳು ಗೋಡೆಗೆ ಬೆರಳು ತೋರಿಸಿದರೆ ತಳ್ಳುವುದು ಸುಲಭವಲ್ಲ. ಅಂಕಿಯು ಬಡವರ ನಾಲಗೆಗೆ ಬಲ ಕೊಡುವುದು. ದಯೆಯ ಬೇಡಿಕೆಯನ್ನು ಹಕ್ಕಿನ ಮಾತಾಗಿ ಮಾರ್ಪಡಿಸುವುದು.

ಮಾತುಗಳು ಬದಲಾದರೆ ಭಾವವೂ ಬದಲಾಗುವುದುಂಟು. ಬರಗಾಲ ಪ್ರವಾಹಗಳಲ್ಲಿ ತೆರೆಯುವ ತಾತ್ಕಾಲಿಕ ಆಶ್ರಯಗಳಿಗೆ ಮೊದಲು ಗಂಜಿ ಕೇಂದ್ರವೆಂದು ಹೆಸರಿತ್ತು. ೨೦೨೦ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಕಲಬುರಗಿ ಜಿಲ್ಲೆಯ ಊರುಗಳು ನೀರಿನಲ್ಲಿ ನಿಂತಾಗ ತೆರೆದವುಗಳನ್ನು ಕಾಳಜಿ ಕೇಂದ್ರಗಳೆಂದು ಕರೆದರು. ಗಂಜಿಯೆಂದರೆ ಹೊಟ್ಟೆಗೆ ಹಾಕಿದರೆ ಮುಗಿಯಿತು; ಕಾಳಜಿಯೆಂದರೆ ಅಷ್ಟಕ್ಕೇ ಮುಗಿಯದು. ಶಾಲೆಯ ಕೋಣೆಯೊಂದರಲ್ಲಿ ನಾಲ್ಕಾರು ಮನೆಗಳ ಜನರು ಒತ್ತಾಗಿ ಮಲಗಿದಾಗ ಅಲ್ಲಿಯ ಗಾಳಿ ಹೇಗಿದೆಯೆಂದು ವಿಚಾರಿಸುವುದು ಆ ಹೊಸ ಹೆಸರಿನೊಳಗೇ ಅಡಗಿರುವ ಕರ್ತವ್ಯ.

ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ದೊರೆತ ಅಶೋಕನ ಶಾಸನಗಳಲ್ಲಿ ಪ್ರಜೆಗಳೆಲ್ಲರೂ ತನ್ನ ಮಕ್ಕಳಂತೆ ಎಂಬ ಭಾವವನ್ನು ಸಾರುವ ವಿಶೇಷ ಶಾಸನವೂ ಸೇರಿದೆ. ಅವನ ಬೇರೆ ಶಾಸನಗಳು ದಾರಿಯ ಬದಿಗೆ ನೆರಳಿನ ಮರಗಳನ್ನು ನೆಡಿಸಿ ಬಾವಿಗಳನ್ನು ತೋಡಿಸಿದುದನ್ನು ಹೇಳುತ್ತವೆ. ಅದೇ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದ ಘಟಿಕಾಸ್ಥಾನವೊಂದಿತ್ತು. ಇನ್ನೂರಕ್ಕೂ ಮಿಕ್ಕ ವಿದ್ಯಾರ್ಥಿಗಳು ಅಲ್ಲಿದ್ದರು, ಪುಸ್ತಕಗಳನ್ನು ಕಾಯಲು ಸರಸ್ವತೀ ಭಂಡಾರಿಗರಿದ್ದರು. ಅದರ ದಪ್ಪ ಕಲ್ಲುಗೋಡೆಗಳ ಅವಶೇಷಗಳು ಇಂದಿಗೂ ನಿಂತಿವೆ. ಏಪ್ರಿಲಿನ ಮಧ್ಯಾಹ್ನ ಅಲ್ಲಿಗೆ ಹೋದವರು ಮಂಟಪದ ಒಳಗೆ ಕಾಲಿಟ್ಟೊಡನೆ ಹೊರಗಣ ಝಳ ಹಿಂದೆ ಸರಿಯುವುದನ್ನು ಮೈಯಿಂದಲೇ ತಿಳಿಯಬಹುದು. ಆ ಕಾಲದಲ್ಲಿ ಉಷ್ಣಮಾಪಕವಿರಲಿಲ್ಲ, ಕಾಯಿದೆಯ ಕಲಮುಗಳೂ ಇರಲಿಲ್ಲ. ಕಟ್ಟಿಸಿದವನಿಗೆ ಒಳಗೆ ಇರುವವರ ನೆನಪಿತ್ತು. ಆ ನೆನಪು ತಾನಾಗಿ ಬರುವವರೆಗೆ ಅದನ್ನು ತಂದುಕೊಡಲು ನಿಯಮ ಬೇಕು. ನೆರಳು ಬೀಳದ ಸೂರನ್ನು ಕೊಟ್ಟು ಆಶ್ರಯ ಕೊಟ್ಟೆವೆಂದು ಹೇಳಿಕೊಳ್ಳುವುದು ಬತ್ತಿದ ಬಾವಿಯನ್ನು ತೋರಿಸಿ ನೀರು ಕೊಟ್ಟೆವೆಂದಂತೆಯೇ ಸರಿ.